ಹೆಪ್ಪು ಕರಗಿದ ಮೇಲೂ ಅಪ್ಪನಿಗೆ ಮೂರನೇ ದಿನ ಜಾಸ್ತಿ ಆಗಿದ್ದು ಯಾಕೆ?

ಮೂಡಿಗೆರೆ_ಮಳೆ · ಶುಕ್ರವಾರ ರಾತ್ರಿ 9.12

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಅಪ್ಪನಿಗೆ 64. ಮೂಡಿಗೆರೆ ಹತ್ರ ನಾಲ್ಕು ಎಕರೆ ಅರೇಬಿಕಾ ಕಾಫಿ ತೋಟ. ಆಗಸ್ಟ್ ಕೊನೇ ವಾರ, ಬೆಳಗ್ಗೆ ಆರೂವರೆ. ಜಗಲೀಲಿ ಕೂತು ಕಾಫಿ ಕುಡೀತಿದ್ರು, ಲೋಟ ಬಲಗೈಯಿಂದ ಜಾರಿ ಬಿತ್ತು. ಅಮ್ಮ "ಏನ್ರೀ ಇದು" ಅಂದ್ರೆ ಮಾತಿಲ್ಲ, ಬಾಯಿ ಒಂದು ಕಡೆ ಎಳ್ಕೊಂಡಿತ್ತು. ಪಕ್ಕದ ಮನೆಯವರ ಜೀಪಲ್ಲಿ ಬೇಲೂರು ದಾಟಿ ಹಾಸನಕ್ಕೆ ಬಂದ್ವಿ. ಆ ಮಳೇಲಿ ಬರೋದೇ ಎಂಟೂ ಮುಕ್ಕಾಲಾಯ್ತು. ಸಿ.ಟಿ. ಸ್ಕ್ಯಾನ್ ಮಾಡಿ, ಸ್ಟ್ರೋಕ್ (ಲಕ್ವ), ರಕ್ತಸ್ರಾವ ಇಲ್ಲ, ಮೆದುಳಿನ ನಾಳದಲ್ಲಿ ಹೆಪ್ಪು ಕಟ್ಟಿರೋದು ಅಂತ ಹೇಳಿ, ಒಂಬತ್ತೂವರೆ ಹೊತ್ತಿಗೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಟ್ರು. ಮೂರು ಗಂಟೆ ಒಳಗೇ ಅಂತ ಲೆಕ್ಕ. ಸಂಜೆಗೆ ಬೆರಳು ಅಲ್ಲಾಡಿಸಿದ್ರು. ನಾವೆಲ್ಲ ದೇವರಿಗೆ ಹರಕೆ ಹೊತ್ಕೊಂಡು ಮಲಗಿದ್ವಿ.

ಮೂರನೇ ದಿನ ಬೆಳಗ್ಗೆ ನೋಡಿದ್ರೆ ಕರೆದ್ರೆ ಕಣ್ಣು ಬಿಡ್ತಿಲ್ಲ. ಮತ್ತೆ ಸ್ಕ್ಯಾನು. ಮೆದುಳು ಊದ್ಕೊಂಡಿದೆ ಅಂದ್ರು. "ರಕ್ತ ಓಡ್ತಿದೆ ಅಂದ್ರಲ್ಲ ಸರ್, ಇದೇನು ಹೊಸದು?" ಅಂತ ಕೇಳ್ದೆ. ಡಾಕ್ಟ್ರು ತಾಳ್ಮೆಯಿಂದಲೇ ಹೇಳಿದ್ರು: ಕೋಶಗಳೆಲ್ಲ ಸುಮ್ನೆ ಸಾಯಲ್ಲ, ಕೆಲವು ಸಿಡಿದು ಸಾಯ್ತವೆ, ಅಕ್ಕಪಕ್ಕದವನ್ನೂ ಎಳ್ಕೊಂಡು ಹೋಗ್ತವೆ ಅಂತ. ಚೀಟಿ ಹಿಂದೆ "ಪೈರಾಪ್ಟೋಸಿಸ್" ಅಂತ ಬರೆದುಕೊಟ್ಟು ಮುಂದಿನ ಬೆಡ್‌ಗೆ ಹೋದ್ರು.

ಆರನೇ ದಿನದಿಂದ ಇಳೀತಾ ಬಂತು. ಈಗ ಮನೇಲಿದ್ದಾರೆ. ಕಾಲು ಬಂದಿದೆ, ಬಲಗೈ ಅರ್ಧ, ಮಾತು ಇಲ್ಲ. ನಾವು ಹೇಳಿದ್ದು ಅರ್ಥ ಆಗತ್ತೆ.

ನನ್ನ ಪ್ರಶ್ನೆ ಇಷ್ಟೇ. ಈ ಸಿಡಿಯೋದು ಅಂದ್ರೆ ಎಂತದು? ಅದನ್ನ ತಡೆಯೋ ಔಷಧಿ ಇತ್ತಾ, ನಾವು ಕೇಳ್ಲಿಲ್ವಾ? ರಾತ್ರಿ ನಿದ್ದೆ ಬರ್ತಿಲ್ಲ.

ಕಡೂರು_ಕಡ್ಲೆ · 9.20

ಅಪ್ಪಾಜಿ ಬೇಗ ಹುಷಾರಾಗ್ಲಿ ಅಣ್ಣ.

ಹೊಳೆನರಸೀಪುರ_ಹೈದ · 9.24

ಪಾರಿವಾಳದ ರಕ್ತ ಹಚ್ಚಿ ಉಜ್ಜಿ ಅಣ್ಣೋ. ನಮ್ ದೊಡ್ಡಪ್ಪಂಗೆ ಲಕ್ವ ಹೊಡ್ದಿತ್ತು, ಹದಿನೈದ್ ದಿನಕ್ಕೆ ಕೈ ಎತ್ತುದ್ರು. ಇಂಗ್ಲಿಷ್ ಔಸ್ದಿ ಒಂದ್ ಕಡೆ ಇರ್ಲಿ, ಇದೂ ಮಾಡಿ.

ವಾರ್ಡ್_ಸಿಸ್ಟರ್ · 9.31

ಬಂತಪ್ಪ ಪಾರಿವಾಳ. ಇಪ್ಪತ್ತೆರಡು ವರ್ಷದಿಂದ ವಾರ್ಡಲ್ಲಿದ್ದೀನಿ, ಲಕ್ವ ಅಂದ ತಕ್ಷಣ ಯಾರಾದ್ರೂ ಒಬ್ಬರು ಪಾರಿವಾಳ ಹಿಡ್ಕೊಂಡು ಬರ್ತಾರೆ. ಮೊದಲ ಕೆಲವು ವಾರ ಮೆದುಳಿನ ಊತ ಇಳಿದ ಹಾಗೆ ಕೈಕಾಲು ತಾನಾಗೇ ಒಂದಿಷ್ಟು ಬರತ್ತೆ ಕಣಪ್ಪ. ಕೆಲಸ ಮಾಡಿದ್ದು ಮೆದುಳು, ಹೆಸರು ಪಾರಿವಾಳಕ್ಕೆ. ನಿಮ್ಮ ದೊಡ್ಡಪ್ಪನ ಕೈ ಉಜ್ಜಿದ್ರಲ್ಲ, ಆ ಉಜ್ಜಿದ್ದು ಒಳ್ಳೇದೇ. ರಕ್ತ ಬಿಟ್ಟು ಉಜ್ಜಿ.

ಹೊಳೆನರಸೀಪುರ_ಹೈದ · 9.33

ಅನುಭವ ಹೇಳ್ದೆ ಅಕ್ಕ, ಬೈಬ್ಯಾಡಿ 😀

ಅರಸೀಕೆರೆ_ಪ್ಯಾಸೆಂಜರ್ · 9.58

ಊರು ಅರಸೀಕೆರೆ, ಬೆಂಗಳೂರಲ್ಲಿ ಲ್ಯಾಬ್ ಕೆಲಸ, ಜೀವಕೋಶಗಳ ಸಾವೇ ನನ್ನ ಹೊಟ್ಟೆಪಾಡು. ಡಾಕ್ಟರ್ ಅಲ್ಲ, ಮೊದಲೇ ಹೇಳ್ಬಿಡ್ತೀನಿ.

ಮೆದುಳಿನ ರಕ್ತನಾಳ ಕಟ್ಟಿಕೊಂಡಾಗ ನಡುಭಾಗಕ್ಕೆ ರಕ್ತ ಪೂರ್ತಿ ನಿಲ್ಲುತ್ತೆ. ಅಲ್ಲಿನ ಕೋಶಗಳು ನಿಮಿಷಗಳಲ್ಲಿ ಹೋಗ್ತವೆ, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ. ಅದರ ಸುತ್ತ ಒಂದು ಅಂಚು ಇರುತ್ತೆ. ಅಲ್ಲಿಗೆ ಪಕ್ಕದ ನಾಳಗಳಿಂದ ಸ್ವಲ್ಪ ರಕ್ತ ಬರ್ತಿರುತ್ತೆ, ಕೋಶ ಸತ್ತಿಲ್ಲ, ಕೆಲಸ ನಿಲ್ಲಿಸಿ ಉಸಿರು ಹಿಡ್ಕೊಂಡಿರ್ತವೆ. ಇಂಜೆಕ್ಷನ್ ಕೊಡೋದು ಈ ಅಂಚನ್ನ ಉಳಿಸೋಕೆ. ನಿಮ್ಮಪ್ಪ ಸಂಜೆ ಬೆರಳು ಅಲ್ಲಾಡಿಸಿದ್ರು ಅಂದ್ರಲ್ಲ, ಅದು ಈ ಅಂಚು ಎದ್ದಿದ್ದು.

ಈಗ ಸಾವಿನ ಬಗೆ. 1972ರಲ್ಲಿ ಕೆರ್, ವೈಲಿ, ಕರಿ ಅನ್ನೋ ಮೂವರು ಒಂದು ಸಾವಿಗೆ ಅಪಾಪ್ಟೋಸಿಸ್ ಅಂತ ಹೆಸರಿಟ್ರು. ಗ್ರೀಕಲ್ಲಿ ಮರದಿಂದ ಎಲೆ ಉದುರೋದು ಅಂತ. ಕೋಶ ಒಳಗೊಳಗೇ ಸುರುಟಿ, ಚೂರು ಚೂರಾಗಿ, ಒಂದೊಂದು ಚೂರನ್ನೂ ಪೊರೆಯಲ್ಲೇ ಕಟ್ಟಿ ಇಡುತ್ತೆ. ನೆರೆಯ ಕೋಶಗಳು ತಿಂದು ಮುಗಿಸ್ತವೆ, ಗಲಾಟೆ ಇಲ್ಲ.

ಪೈರಾಪ್ಟೋಸಿಸ್ ಹಾಗಲ್ಲ, ಬೆಂಕಿಯಿಂದ ಉದುರೋದು. ಕೋಶದೊಳಗೆ ಅಪಾಯ ಮೂಸಿ ನೋಡೋ ಪ್ರೋಟೀನುಗಳಿವೆ, ಅದರಲ್ಲಿ ಎನ್‌ಎಲ್‌ಆರ್‌ಪಿ3 ಹೆಸರುವಾಸಿ. ಅದು ಎಚ್ಚೆತ್ತರೆ ಇನ್‌ಫ್ಲಮಸೋಮ್ ಅನ್ನೋ ದೊಡ್ಡ ಜೋಡಣೆ ಆಗುತ್ತೆ, ಅಲ್ಲಿ ಕ್ಯಾಸ್ಪೇಸ್-1 ಅನ್ನೋ ಕತ್ತರಿ ಚುರುಕಾಗುತ್ತೆ. ಆ ಕತ್ತರಿ ಎರಡು ಕೆಲಸ ಮಾಡುತ್ತೆ. ಒಂದು, ಇಂಟರ್‌ಲ್ಯೂಕಿನ್-1 ಬೀಟಾ ಅನ್ನೋ ಕೂಗುಮಾರಿಯನ್ನ ಬಿಚ್ಚಿ ಸಿದ್ಧ ಮಾಡೋದು. ಎರಡು, ಗ್ಯಾಸ್ಡರ್ಮಿನ್-ಡಿ ಅನ್ನೋ ಪ್ರೋಟೀನನ್ನ ಕತ್ತರಿಸೋದು. ಕತ್ತರಿಸಿದ ಗ್ಯಾಸ್ಡರ್ಮಿನ್ ತುಂಡುಗಳು ಕೋಶದ ಪೊರೆಗೆ ಹೋಗಿ, ಬಳೆ ಥರ ಸುತ್ತುಗಟ್ಟಿ ಸುಮಾರು 20 ನ್ಯಾನೋಮೀಟರಿನ ತೂತು ಕೊರೀತವೆ. ನೀರು ನುಗ್ಗುತ್ತೆ, ಕೋಶ ಊದುತ್ತೆ, ಸಿಡಿಯುತ್ತೆ. ಒಳಗಿದ್ದದ್ದೆಲ್ಲ ಬೀದಿಗೆ. ಪಕ್ಕದ ಕೋಶಕ್ಕೆ ಆ ಚೆಲ್ಲಿದ ಸರಕೇ ಅಪಾಯದ ಸೂಚನೆ. ಅದೂ ಎಚ್ಚೆತ್ತುಕೊಳ್ಳುತ್ತೆ. ರಕ್ತನಾಳದ ಗೋಡೆಯೂ ಸಡಿಲ ಆಗಿ ನೀರು ಮೆದುಳಿಗೆ ಸೋರುತ್ತೆ, ಬಿಳಿ ರಕ್ತಕಣ ನುಗ್ತವೆ. ಇದು ಗಂಟೆಗಳಿಂದ ದಿನಗಳವರೆಗೆ ನಡಿಯುತ್ತೆ. ನಿಮ್ಮ ಮೂರನೇ ದಿನ ಅಲ್ಲಿದೆ.

ಸಿಲ್ವರ್‌ಓಕ್ · 10.15

ಆಲ್ದೂರಿಂದ. ಮಾರಾಯ್ರೆ, ಇದು ನಮ್ಮ ಬೋರರ್ ಗಿಡದ ಕಥೆಯೇ ಅಲ್ವಾ!

ತೋಟ ಇಲ್ಲದವರಿಗೆ ಹೇಳ್ತೇನೆ. ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಅಂತ ಒಂದು ಹುಳ, ಅದೇ ಬೋರರ್. ತೊಗಟೆ ಒಳಗೆ ಹೊಕ್ಕಿ ಕಾಂಡ ಕೊರೀತದೆ. ಕಾಂಡದ ಮೇಲೆ ಏರಿ ಎದ್ದ ಹಾಗೆ ಕಾಣ್ತದೆ, ಎಲೆ ಹಳದಿ ಆಗ್ತದೆ. ಮಾರ್ಚಲ್ಲಿ ಒಂದ್ಸಲ, ಸೆಪ್ಟೆಂಬರಲ್ಲಿ ಒಂದ್ಸಲ, ದುಂಬಿ ಹಾರೋದಕ್ಕೆ ಮುಂಚೆ ಸಾಲು ಸಾಲು ಟ್ರೇಸಿಂಗ್ ಮಾಡಿ, ಅಂದ್ರೆ ಒಂದೊಂದೇ ಗಿಡ ಪರೀಕ್ಷಿಸಿ, ಹಿಡಿದ ಗಿಡವನ್ನ ಬುಡಸಮೇತ ಕಿತ್ತು ಸುಡಬೇಕು. ಹದಿನೈದು ವರ್ಷ ಸಾಕಿದ ಗಿಡ, ಕರುಳು ಚುರುಕ್ ಅಂತದೆ. ಆದ್ರೆ ಸುಡದಿದ್ರೆ ಅಲ್ಲಿಂದ ಹಾರಿದ್ದು ಪಕ್ಕದ ಹತ್ತು ಗಿಡಕ್ಕೆ. ಕೋಶ ಮಾಡೋದೂ ಅದೇ ತಾನೆ? ತನ್ನನ್ನ ಸುಟ್ಕೊಂಡು ತೋಟ ಉಳಿಸೋದು?

ಅರಸೀಕೆರೆ_ಪ್ಯಾಸೆಂಜರ್ · 10.22

@ಸಿಲ್ವರ್‌ಓಕ್ ಸರ್, ಕೈ ಮುಗೀತೀನಿ. ಈ ಹೋಲಿಕೆ ನನಗೆ ಇಷ್ಟು ವರ್ಷದಲ್ಲಿ ಹೊಳೆದಿರಲಿಲ್ಲ. ಪೈರಾಪ್ಟೋಸಿಸ್ ಮೊದಲು ಕಣ್ಣಿಗೆ ಬಿದ್ದಿದ್ದೇ ಹುಳದ ಸಹವಾಸದಲ್ಲಿ. 1992ರಲ್ಲಿ ರಕ್ತಭೇದಿಯ ಶಿಗೆಲ್ಲಾ ಬ್ಯಾಕ್ಟೀರಿಯಾ ಹೊಕ್ಕ ಕೋಶಗಳು ಸಾಯೋದನ್ನ ನೋಡಿದ್ರು, ಆಗ ಅಪಾಪ್ಟೋಸಿಸ್ ಅಂದ್ಕೊಂಡ್ರು. 2001ರಲ್ಲಿ ಕುಕ್ಸನ್, ಬ್ರೆನನ್ ಇಬ್ಬರು ಇದು ಬೇರೆಯದು ಅಂತ ಹೊಸ ಹೆಸರಿಟ್ರು. ತೂತು ಕೊರೆಯೋನು ಗ್ಯಾಸ್ಡರ್ಮಿನ್-ಡಿ ಅಂತ ಸಿಕ್ಕಿದ್ದು 2015ರಲ್ಲಿ. ಒಳಗೆ ಹೊಕ್ಕ ಬ್ಯಾಕ್ಟೀರಿಯಾಕ್ಕೆ ಮನೆಯೇ ಇಲ್ಲದ ಹಾಗೆ ಮಾಡಿ, ಕೂಗಿ ಊರು ಸೇರಿಸೋದು ಅದರ ಕೆಲಸ. ಸೋಂಕಿನಲ್ಲಿ ಅದು ಪುಣ್ಯದ ಕೆಲಸವೇ.

ಆದ್ರೆ ಸ್ಟ್ರೋಕಲ್ಲಿ ಬೋರರ್ರೇ ಇಲ್ಲ ಸರ್. ಬರೀ ನೀರು ಸಿಗದೆ ಎಲೆ ಹಳದಿಯಾಗಿದೆ. ಟ್ರೇಸಿಂಗ್ ಮಾಡೋನು ಅದನ್ನ ಬೋರರ್ ಅಂದ್ಕೊಂಡು ಕಿತ್ತು ಸುಡ್ತಿದ್ದಾನೆ, ಕಿಡಿ ಪಕ್ಕದ ಗಿಡಕ್ಕೆ ಹಾರ್ತಿದೆ.

ಸಿಲ್ವರ್‌ಓಕ್ · 10.24

ಅಯ್ಯೋ ದೇವ್ರೆ.

ನಿವೃತ್ತ_ಮೇಷ್ಟ್ರು · 10.40

ಹಾಸನದವನು, ಜೀವಶಾಸ್ತ್ರ ಕಲಿಸಿ ನಿವೃತ್ತಿಯಾದವನು. ಒಂದು ಭಾಷೆಯ ವಿಚಾರ. ನಮ್ಮ 'ಉರಿಯೂತ' ಎಂಬ ಪದವನ್ನು ಗಮನಿಸಿದ್ದೀರಾ? ಉರಿ ಮತ್ತು ಊತ. ರೋಮಿನ ಸೆಲ್ಸಸ್ ಹೇಳಿದ ನಾಲ್ಕು ಲಕ್ಷಣಗಳು ಕೆಂಪು, ಊತ, ಬಿಸಿ, ನೋವು. ಅದರಲ್ಲಿ ಎರಡನ್ನು ಕನ್ನಡ ಒಂದೇ ಪದದಲ್ಲಿ ಕಟ್ಟಿಟ್ಟಿದೆ. ಹಾಗಾಗಿ ಪೈರಾಪ್ಟೋಸಿಸ್‌ಗೆ 'ಉರಿಸಾವು', ಅಪಾಪ್ಟೋಸಿಸ್‌ಗೆ 'ಉದುರುಸಾವು' ಎಂದರೆ ಹೇಗೆ?

ಕಡೂರು_ಕಡ್ಲೆ · 10.43

ಸಿಡಿಸಾವು ಅನ್ನಿ ಮೇಷ್ಟ್ರೇ. ಡಾಕ್ಟ್ರು ಸಿಡಿದು ಸಾಯ್ತವೆ ಅಂತ ತಾನೇ ಹೇಳಿದ್ದು.

ನಿವೃತ್ತ_ಮೇಷ್ಟ್ರು · 10.47

ಸಿಡಿಯುವ ಸಾವುಗಳು ಬೇರೆಯೂ ಇವೆಯಲ್ಲ. ನೆಕ್ರಾಪ್ಟೋಸಿಸ್ ಎಂದು ಓದಿದ ನೆನಪು.

ಅರಸೀಕೆರೆ_ಪ್ಯಾಸೆಂಜರ್ · 10.55

ಹೌದು ಮೇಷ್ಟ್ರೇ. 2005ರಲ್ಲಿ ಜುನ್ಯಿಂಗ್ ಯುವಾನ್ ತಂಡ ಇಟ್ಟ ಹೆಸರು. ಅಲ್ಲಿ ತೂತು ಕೊರೆಯೋನು ಬೇರೆ, ಎಂಎಲ್‌ಕೆಎಲ್ ಅಂತ. ಆ ದಾರಿಗೆ ಅಡ್ಡಗಾಲು ಹಾಕೋ ನೆಕ್ರೋಸ್ಟಾಟಿನ್ ಅನ್ನೋ ರಾಸಾಯನಿಕ ಕೊಟ್ರೆ ಇಲಿಯ ಸ್ಟ್ರೋಕಲ್ಲಿ ಹಾನಿ ಕಡಿಮೆ ಆಯ್ತು ಅಂತ ಅದೇ ಪ್ರಬಂಧದಲ್ಲಿ ತೋರಿಸಿದ್ರು. ಈಗ ಇನ್ನೊಂದು ಮಾತೂ ಓಡಾಡ್ತಿದೆ: ಈ ಮೂರೂ ಸಾವುಗಳು ಒಂದಕ್ಕೊಂದು ಕೈ ಹಿಡ್ಕೊಂಡೇ ಇರ್ತವೆ ಅಂತ. ಅದಕ್ಕೆ ಪ್ಯಾನಾಪ್ಟೋಸಿಸ್ ಅಂತ ಹೆಸರಿಟ್ಟವರು ತೆಲಂಗಾಣ ಮೂಲದ ತಿರುಮಲಾ ದೇವಿ ಕನ್ನೆಗಂಟಿ, ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಸಂಶೋಧಕಿ. 'ಉರಿಸಾವು' ನನಗೆ ಇಷ್ಟ ಆಯ್ತು, ನಾಳೆಯಿಂದ ಲ್ಯಾಬಲ್ಲಿ ಬಳಸ್ತೀನಿ.

ವಾರ್ಡ್_ಸಿಸ್ಟರ್ · 11.05

ಎಲ್ಲ ಚೆನ್ನಾಗಿದೆ, ಒಂದು ತಕರಾರು. ಸ್ಟ್ರೋಕ್ ಆದ ಮೂರರಿಂದ ಐದನೇ ದಿನಕ್ಕೆ ಊತ ಹೆಚ್ಚಾಗತ್ತೆ ಅಂತ ನಾನು ಟ್ರೈನಿಂಗಲ್ಲಿದ್ದಾಗಲೇ ಹೇಳಿಕೊಟ್ಟಿದ್ರು. ಆಗ ಈ ಗ್ಯಾಸ್ಡರ್ಮಿನ್ ಪಾಸ್ಡರ್ಮಿನ್ ಯಾವುದೂ ಇರ್ಲಿಲ್ಲ. ಅಂದೂ ತಲೆ ಎತ್ತರಿಸಿ ಮಲಗಿಸ್ತಿದ್ವಿ, ಊತ ಇಳಿಸೋ ಮ್ಯಾನಿಟಾಲ್ ಹಾಕ್ತಿದ್ವಿ. ಇಂದೂ ಅದೇ. ಕೈಮೀರೋ ಹಾಗಿದ್ರೆ ತಲೆಬುರುಡೆಯ ಒಂದು ತುಂಡು ತೆಗೆದು ಊತಕ್ಕೆ ಜಾಗ ಮಾಡಿಕೊಡ್ತಾರೆ. ಹೊಸ ಹೆಸರು ಬಂದಿದ್ದರಿಂದ ಬೆಡ್ ಮೇಲಿರೋ ಮನುಷ್ಯನಿಗೆ ಏನು ಬದಲಾಯ್ತು ಹೇಳಿ? ಆಮೇಲೆ ಆ ಊತ ಎಲ್ಲಾ ಈ ಉರಿಸಾವಿಂದಲೇ ಅಂತ ನೀವು ಹೇಗೆ ಹೇಳ್ತೀರಾ? ಬರೀ ಶಕ್ತಿ ಇಲ್ಲದೆ ಉಪ್ಪು ನೀರು ಒಳಗೆ ನುಗ್ಗಿ ಊದೋದೂ ಇರತ್ತಲ್ಲ.

ಅರಸೀಕೆರೆ_ಪ್ಯಾಸೆಂಜರ್ · 11.19

ಒಪ್ಪಿದೆ ಸಿಸ್ಟರ್, ಎಲ್ಲಾ ಅದರಿಂದಲೇ ಅಂದಿದ್ರೆ ನನ್ನ ತಪ್ಪು. ಉಪ್ಪು ಹೊರಹಾಕೋ ಕೋಶದ ಪಂಪು ನಿಂತು ಒಳಗೆ ನೀರು ನುಗ್ಗೋದು ಮೊದಲ ಗಂಟೆಗಳ ಕಥೆ. ನಾಳದ ಗೋಡೆ ಸಡಿಲವಾಗಿ ಸೋರೋದು ಆಮೇಲಿಂದು, ಉರಿಯೂತದ ಕೈ ಹೆಚ್ಚಾಗಿ ಅಲ್ಲಿರೋದು. ಎರಡೂ ಸೇರಿ ಮೂರನೇ ದಿನ. ಒಬ್ಬ ರೋಗಿಯಲ್ಲಿ ಯಾವುದು ಎಷ್ಟು ಅಂತ ಸ್ಕ್ಯಾನ್ ನೋಡಿ ಹೇಳೋಕಾಗಲ್ಲ.

ಬೆಡ್ ಮೇಲಿರೋರಿಗೆ ಏನು ಬದಲಾಯ್ತು ಅಂದ್ರಿ. ನಿಜ ಹೇಳ್ಬೇಕು ಅಂದ್ರೆ ಇವತ್ತಿನ ಮಟ್ಟಿಗೆ ಏನೂ ಇಲ್ಲ.

ಮೂಡಿಗೆರೆ_ಮಳೆ · 11.26

ಹಾಗಾದ್ರೆ ಔಷಧಿ ಇಲ್ವಾ? ಇಲಿಗೆ ಕೆಲಸ ಮಾಡತ್ತೆ ಅಂದ್ರಲ್ಲ. ಉರಿಯೂತ ಅಂದ್ಮೇಲೆ ಸ್ಟೀರಾಯ್ಡ್ ಕೊಡಬಹುದಿತ್ತಲ್ವಾ? ಚಿಕ್ಕಪ್ಪ ಮೊದಲ ದಿನದಿಂದ ಅದನ್ನೇ ಹಿಡ್ಕೊಂಡಿದ್ದಾರೆ. ಅವರ ಅಸ್ತಮಾಕ್ಕೆ ಒಂದೇ ದಿನದಲ್ಲಿ ಇಳೀತಂತೆ.

ವಾರ್ಡ್_ಸಿಸ್ಟರ್ · 11.30

ಇಲ್ಲಪ್ಪ. ಸ್ಟ್ರೋಕಿನ ಊತಕ್ಕೆ ಸ್ಟೀರಾಯ್ಡ್ ಕೊಡಲ್ಲ. ಪ್ರಯೋಜನ ಇಲ್ಲ, ಸಕ್ಕರೆ ಏರತ್ತೆ, ಸೋಂಕು ಹಿಡಿಯತ್ತೆ. ಮೆದುಳಿನ ಗಡ್ಡೆ ಸುತ್ತ ಊತ ಇದ್ರೆ ಕೊಡ್ತಾರೆ, ಅದು ಬೇರೆ. ಚಿಕ್ಕಪ್ಪನಿಗೆ ಹೇಳಿ, ನಿಮ್ಮ ಡಾಕ್ಟ್ರು ಕೊಡದೇ ಇದ್ದಿದ್ದೇ ಸರಿ.

ಅರಸೀಕೆರೆ_ಪ್ಯಾಸೆಂಜರ್ · 11.48

@ಮೂಡಿಗೆರೆ_ಮಳೆ ಈಗ ನಿಮ್ಮ ನಿದ್ದೆಯ ಪ್ರಶ್ನೆಗೆ ಬರ್ತೀನಿ. ನೀವು ಕೇಳದೇ ಬಿಟ್ಟ ಔಷಧಿ ಯಾವುದೂ ಇಲ್ಲ.

ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಕಥೆ ಸ್ಟ್ರೋಕಲ್ಲಿ ಬೇಕಾದಷ್ಟಿದೆ. 2006ರಲ್ಲಿ ಒಂದು ತಂಡ ಕೂತು ಎಣಿಸ್ತು: ಸ್ಟ್ರೋಕಿಗೆ ಅಂತ ಪ್ರಯೋಗ ಮಾಡಿದ ಮದ್ದು-ಉಪಾಯಗಳು 1,026. ಹೆಪ್ಪು ಕರಗಿಸೋದು, ಆಸ್ಪಿರಿನ್ ಅಂತ ಬೆರಳೆಣಿಕೆಯಷ್ಟು ಬಿಟ್ರೆ ಮನುಷ್ಯರಿಗೆ ಯಾವುದೂ ದಕ್ಕಲಿಲ್ಲ. ಎನ್‌ಎಕ್ಸ್‌ವೈ-059 ಅಂತ ಒಂದು, 2006ರ ಪ್ರಯೋಗದಲ್ಲಿ ಗೆದ್ದ ಹಾಗೆ ಕಂಡಿತ್ತು, 2007ರ ದೊಡ್ಡ ಪ್ರಯೋಗದಲ್ಲಿ ನೆಲ ಕಚ್ಚಿತು.

ಉರಿಯೂತದ ಕಡೆಯಿಂದ ಹೋದವರೂ ಇದ್ದಾರೆ. ಬಿಳಿ ರಕ್ತಕಣ ನಾಳದ ಗೋಡೆಗೆ ಅಂಟದ ಹಾಗೆ ತಡೆಯೋ ಎನ್ಲಿಮೊಮ್ಯಾಬ್ ಅನ್ನೋದನ್ನ ರೋಗಿಗಳಿಗೆ ಕೊಟ್ರು. 2001ರಲ್ಲಿ ಫಲಿತಾಂಶ ಬಂತು: ಔಷಧಿ ಪಡೆದವರ ಸ್ಥಿತಿ ಪಡೆಯದವರಿಗಿಂತ ಕೆಟ್ಟಿತ್ತು. ಮ್ಯಾಂಚೆಸ್ಟರಿನವರು ಇಂಟರ್‌ಲ್ಯೂಕಿನ್-1ರ ಬಾಯಿ ಮುಚ್ಚಿಸಿದ್ರೆ ಹೆಗ್ಗಣದ ಮೆದುಳು ಉಳಿಯುತ್ತೆ ಅಂತ 1992ರಷ್ಟು ಹಿಂದೆಯೇ ತೋರಿಸಿದ್ರು. ಮುಂದೆ ಅದನ್ನೇ ಮನುಷ್ಯರಿಗೆ ಕೊಟ್ಟು ನೋಡಿದಾಗ ರಕ್ತದಲ್ಲಿ ಉರಿಯೂತದ ಅಳತೆ ಇಳಿಯಿತು, ಮೂರು ತಿಂಗಳ ಮೇಲೆ ನೋಡಿದ್ರೆ ಓಡಾಟದಲ್ಲಿ ವ್ಯತ್ಯಾಸ ಇರಲಿಲ್ಲ. ಎನ್‌ಎಲ್‌ಆರ್‌ಪಿ3ಯನ್ನೇ ಕಟ್ಟಿಹಾಕೋ ಎಂಸಿಸಿ950 ಇಲಿಗಳಲ್ಲಿ ಬಹಳ ಚೆನ್ನಾಗಿತ್ತು. ಅದು ಕೀಲುವಾತಕ್ಕೆ ಅಂತ ಮನುಷ್ಯರ ಪ್ರಯೋಗಕ್ಕೆ ಹೋಗಿ ಲಿವರ್ ತೊಂದರೆ ಅಂತ ನಿಂತಿತು.

ಯಾಕೆ ಹೀಗೆ ಅಂದ್ರೆ, ನಮ್ಮ ಇಲಿ ಎಂಥದು ಗೊತ್ತಾ? ಹರೆಯದ ಗಂಡಿಲಿ, ಬಿ.ಪಿ. ಇಲ್ಲ, ಸಕ್ಕರೆ ಇಲ್ಲ, ಬೀಡಿ ಸೇದಲ್ಲ. ಕುತ್ತಿಗೆಯ ನಾಳದಿಂದ ಒಂದು ನೈಲಾನ್ ದಾರ ತೂರಿಸಿ ಮೆದುಳಿನ ನಾಳ ಮುಚ್ತೀವಿ, ಗಂಟೆ ನೋಡ್ಕೊಂಡು ದಾರ ಎಳೀತೀವಿ. ಔಷಧಿ ಕೆಲವು ಸಲ ಸ್ಟ್ರೋಕ್ ಮಾಡೋದಕ್ಕೆ ಮುಂಚೆಯೇ ಕೊಟ್ಟಿರ್ತೀವಿ! ನಿಮ್ಮಪ್ಪನಿಗೆ ಆರೂಕಾಲಿಗೆ ಬಂದು ಔಷಧಿ ಕೊಡೋರು ಯಾರು?

ಬೇಲೂರು_ಬಾಲೆ · ಶನಿವಾರ ಬೆಳಗ್ಗೆ 7.02

ರಾತ್ರಿಯೆಲ್ಲ ಇಷ್ಟು ನಡೆದಿದ್ಯಾ! ಅರಿಶಿನ ಹಾಲು ಉರಿಯೂತಕ್ಕೆ ಒಳ್ಳೇದು ಅಂತಾರಲ್ಲ, ಯಾರೂ ಹೇಳೇ ಇಲ್ಲ?

ವಾರ್ಡ್_ಸಿಸ್ಟರ್ · 7.15

ಮಗಾ, ಮೊದಲು ನುಂಗೋಕೆ ಬರತ್ತಾ ನೋಡಿ. ಸ್ಟ್ರೋಕ್ ಆದವರಿಗೆ ಗಂಟಲಿನ ಹಿಡಿತ ತಪ್ಪಿರತ್ತೆ. ಹಾಲು, ನೀರು, ಗಂಜಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಿ ಕಳ್ಕೊಂಡವರನ್ನ ನೋಡಿದ್ದೀನಿ. ಸ್ಟ್ರೋಕಿಂದ ಬದುಕಿ ಒಂದು ಲೋಟ ಹಾಲಿಂದ ಹೋಗೋದು ಅಂದ್ರೆ... ಲಕ್ವ ಅಂತ ಅನುಮಾನ ಬಂದ್ರೆ ಬಾಯಿಗೆ ಏನೂ ಹಾಕಬೇಡಿ. ಅರಿಶಿನ ಸಾರಿಗೆ ಇರಲಿ.

ಸಕಲೇಶಪುರ_ಸವಾರಿ · 7.40

ಆಸ್ಪಿರಿನ್ ಚೀಪಿಸಬಹುದಲ್ಲ ಸಿಸ್ಟರ್? 2025ರ ಜೂನ್-ಜುಲೈನಲ್ಲಿ ನಮ್ಮ ಹಾಸನ ಜಿಲ್ಲೇಲಿ ಹಾರ್ಟ್ ಅಟ್ಯಾಕ್ ಸುದ್ದಿ ಟಿವೀಲೆಲ್ಲ ಬಂದು ಜನ ಹೆದರಿ ಮೈಸೂರಿನ ಜಯದೇವಕ್ಕೆ ಬೆಳಗಿನ ಜಾವ ಕ್ಯೂ ನಿಂತಿದ್ರಲ್ಲ, ಆವಾಗಿಂದ ನಮ್ಮ ಬೀದೀಲಿ ಎಲ್ಲರ ಮನೆ ಗೋಡೆ ಕಪಾಟಲ್ಲೂ ಒಂದು ಸ್ಟ್ರಿಪ್ ಇದೆ.

ವಾರ್ಡ್_ಸಿಸ್ಟರ್ · 7.48

ಇದನ್ನ ದಪ್ಪ ಅಕ್ಷರದಲ್ಲಿ ಬರೀಬೇಕು. ಎದೆನೋವಿನ ಆಸ್ಪಿರಿನ್ನು ಲಕ್ವಕ್ಕೆ ಅಲ್ಲ! ಹೆಚ್ಚಿನವರಿಗೆ ಹೆಪ್ಪು ಕಟ್ಟಿರತ್ತೆ, ಆದ್ರೆ ಕೆಲವರಿಗೆ ನಾಳ ಒಡೆದು ರಕ್ತ ಸೋರ್ತಿರತ್ತೆ. ಹೊರಗಿಂದ ನೋಡಿದ್ರೆ ಇಬ್ಬರೂ ಒಂದೇ ಥರ. ಸೋರ್ತಿರೋರಿಗೆ ರಕ್ತ ತೆಳು ಮಾಡೋ ಮಾತ್ರೆ ಹಾಕಿದ್ರೆ ನೀವೇ ಕೈಯಾರೆ... ಅದಕ್ಕೇ ಮೊದಲು ಸಿ.ಟಿ., ಆಮೇಲೆ ಮಿಕ್ಕಿದ್ದು. ಬೆರಳಿನ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆದ್ರೆ ಸ್ಟ್ರೋಕ್ ನಿಲ್ಲತ್ತೆ ಅನ್ನೋ ವಾಟ್ಸಾಪೂ ಸುಳ್ಳು. ಯಾರಾದ್ರೂ ಕಳಿಸೋದಕ್ಕೆ ಮುಂಚೆ ನಾನೇ ಹೇಳ್ತಿದ್ದೀನಿ.

ಸಕಲೇಶಪುರ_ಸವಾರಿ · 7.50

ಕಳಿಸೋಣ ಅಂತಲೇ ಇದ್ದೆ 🙏

ಕೊಪ್ಪದ_ಕುಳ · 8.30

ಔಷಧಿ ಔಷಧಿ ಅಂತ ಕೂತಿದ್ದೀರಿ, ದಾರಿ ಬಗ್ಗೆ ಯಾರೂ ಮಾತಾಡ್ತಿಲ್ಲ. ದೊಡ್ಡ ನಾಳ ಸ್ಟ್ರೋಕಲ್ಲಿ ಒಂದು ನಿಮಿಷಕ್ಕೆ 19 ಲಕ್ಷ ನರಕೋಶ ಸಾಯ್ತವೆ ಅಂತ 2006ರಲ್ಲೇ ಲೆಕ್ಕ ಹಾಕಿದ್ದಾರೆ. ಮೂಡಿಗೆರೆಯಿಂದ ಹಾಸನಕ್ಕೆ ಒಂದೂವರೆ ಗಂಟೆ ಇಟ್ಕೊಳ್ಳಿ. 90 ನಿಮಿಷ, 17 ಕೋಟಿ ಮೇಲಾಯ್ತು. ನಮ್ಮ ಕಡೆಯಿಂದ ಮಳೆಗಾಲದಲ್ಲಿ ಮರ ಬಿದ್ರೆ? ಹೆಪ್ಪನ್ನ ತಂತಿ ಹಾಕಿ ಎಳೆದು ತೆಗೆಯೋ ಚಿಕಿತ್ಸೆಗೆ ಬೆಂಗಳೂರೋ ಮಂಗಳೂರೋ ಅಂದ್ರೆ ಇನ್ನೂ ಮೂರ್ನಾಲ್ಕು ಗಂಟೆ, ಅದೂ ಘಾಟಿ ತೆರೆದಿದ್ರೆ. ಗ್ಯಾಸ್ಡರ್ಮಿನ್ ಕಟ್ಟಿಕೊಂಡು ನಮಗೆ ಎಂತ ಆಗ್ಬೇಕು? ರಸ್ತೆ ಮಾಡಿ ಸ್ವಾಮಿ.

ನಿವೃತ್ತ_ಮೇಷ್ಟ್ರು · 8.44

ಒಟ್ಟು ನರಕೋಶಗಳು ಸುಮಾರು 8,600 ಕೋಟಿ ಎಂಬುದನ್ನೂ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಓದಿದವರು ಗಾಬರಿಯಾಗುತ್ತಾರೆ. ಲೆಕ್ಕ ಸರಿಯಿದೆ.

ಅರಸೀಕೆರೆ_ಪ್ಯಾಸೆಂಜರ್ · 9.05

@ಕೊಪ್ಪದ_ಕುಳ ಸಿಟ್ಟು ನ್ಯಾಯವೇ. ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಗಡುವು. ಎಳೆದು ತೆಗೆಯೋದಕ್ಕೆ, ಅಂಚು ಇನ್ನೂ ಉಳಿದಿದೆ ಅಂತ ಸ್ಕ್ಯಾನಲ್ಲಿ ಕಂಡ ಕೆಲವರಿಗೆ 16 ಗಂಟೆ, 24 ಗಂಟೆವರೆಗೂ ಅವಕಾಶ ಇದೆ ಅಂತ 2018ರ ಎರಡು ಪ್ರಯೋಗಗಳು ತೋರಿಸಿದವು. ಆದ್ರೆ ನಿಮ್ಮ ರಸ್ತೆಯ ಮಾತಿಗೂ ನನ್ನ ಗ್ಯಾಸ್ಡರ್ಮಿನ್ನಿಗೂ ಜಗಳ ಇಲ್ಲ. ಕೊಪ್ಪದ ಮನುಷ್ಯ ದಾರಿಯಲ್ಲಿರೋ ಆ ನಾಲ್ಕು ಗಂಟೆ ಅಂಚು ಸುಡದ ಹಾಗೆ ಹಿಡಿದಿಡೋ ಒಂದು ಇಂಜೆಕ್ಷನ್ನು ಆಂಬುಲೆನ್ಸಲ್ಲೇ ಸಿಕ್ರೆ? ನಾವು ಇಲಿ ಸಾಕ್ಕೊಂಡು ಕೂತಿರೋದು ಅದಕ್ಕೇ. ಹತ್ತಿರದಲ್ಲೇ ದೊಡ್ಡಾಸ್ಪತ್ರೆ ಇರೋರಿಗಿಂತ ಅದು ಬೇಕಿರೋದು ನಿಮಗೆ.

ಕೊಪ್ಪದ_ಕುಳ · 9.11

ಹ್ಞೂಂ. ಹಾಗೆ ಹೇಳಿ. ಆದ್ರೂ ರಸ್ತೆ ಮೊದಲು.

ಗೊರೂರು_ಗೇಟು · 9.30

ನನಗೊಂದು ಹೊಳೀತು. ಹೇಮಾವತಿ ಡ್ಯಾಂ ಗೇಟು ಮುಚ್ಚಿ ನಾಲೆ ಒಣಗಿ ಬಿರುಕು ಬಿಟ್ಟಿರೋವಾಗ ಒಂದೇ ಸಲ ನೀರು ಬಿಟ್ರೆ ಏರಿ ಒಡೆದು ಹೋಗುತ್ತೆ. ಹೆಪ್ಪು ಕರಗಿದಾಗ ಆಗೋದೂ ಹಿಂಗೇನಾ? ಅಂದ್ರೆ ಇಂಜೆಕ್ಷನ್ನೇ ಕೆಟ್ಟದ್ದು ಮಾಡ್ತಾ?

ಅರಸೀಕೆರೆ_ಪ್ಯಾಸೆಂಜರ್ · 9.42

ಮೊದಲನೇ ಮಾತು ಸರಿ, ಎರಡನೇದು ಬೇಡ. ರಕ್ತ ಮರಳಿ ಬಂದಾಗ ಆಮ್ಲಜನಕವೂ ಒಟ್ಟಿಗೆ ನುಗ್ಗಿ, ಬಳಲಿದ ಕೋಶದಲ್ಲಿ ಚುರುಕು ಕಣಗಳನ್ನ ಹುಟ್ಟಿಸುತ್ತೆ, ಅವು ಎನ್‌ಎಲ್‌ಆರ್‌ಪಿ3ಯನ್ನ ಇನ್ನಷ್ಟು ಕೆಣಕ್ತವೆ. ಒತ್ತಡಕ್ಕಿಂತ ರಾಸಾಯನಿಕದ ಪೆಟ್ಟು. ಆದ್ರೆ ಏರಿ ಒಡೆಯುತ್ತೆ ಅಂತ ನೀರೇ ಬಿಡದಿದ್ರೆ ಗದ್ದೆ ಪೂರ್ತಿ ಒಣಗುತ್ತೆ. ಬೇಗ ಬಿಟ್ಟಷ್ಟೂ ಒಡೆಯೋದು ಕಡಿಮೆ.

ಹೊಳೆನರಸೀಪುರ_ಹೈದ · 10.02

ಸಾರ್ ಒಂದು ಡೌಟು. ಈ ತೂತು ಮುಚ್ಚೋ ಮಾತ್ರೆ ಯಾವುದೂ ಅಂಗಡೀಲಿ ಸಿಗಲ್ವಾ?

ಅರಸೀಕೆರೆ_ಪ್ಯಾಸೆಂಜರ್ · 10.20

ಕೇಳ್ಬಾರದ್ದನ್ನ ಕೇಳಿದ್ರಿ 😄 ಒಂದು ಇದೆ, ಡೈಸಲ್ಫಿರಾಮ್. ಗ್ಯಾಸ್ಡರ್ಮಿನ್-ಡಿ ಮೇಲಿನ ಒಂದು ಜಾಗಕ್ಕೆ ಅಂಟಿಕೊಂಡು ತೂತು ಆಗದ ಹಾಗೆ ಮಾಡುತ್ತೆ ಅಂತ 2020ರಲ್ಲಿ ಪ್ರಬಂಧ ಬಂತು. ಅದು ಹಳೇ ಮಾತ್ರೆ. ಕುಡಿತ ಬಿಡಿಸೋಕೆ ಕೊಡೋದು.

ಸಿಲ್ವರ್‌ಓಕ್ · 10.26

ಎಂತ! ಆ ಮಾತ್ರೆಯಾ? ನಮ್ಮ ತೋಟದ ಕೂಲಿ ಲೈನಲ್ಲಿ ಒಬ್ಬಳು ಗಂಡನಿಗೆ ಗೊತ್ತಾಗದ ಹಾಗೆ ಸಾಂಬಾರಿಗೆ ಪುಡಿ ಮಾಡಿ ಹಾಕಿದ್ಲು. ಅವ ರಾತ್ರಿ ಎರಡು ಪ್ಯಾಕೆಟ್ ಏರಿಸಿ ಬಂದು ಊಟ ಮಾಡಿದ. ಮುಖ ಕೆಂಡದ ಹಾಗೆ, ಎದೆ ಬಡಿತ, ವಾಂತಿ. ರಾತ್ರಿ ಒಂದು ಗಂಟೆಗೆ ನನ್ನ ಜೀಪೇ ಹೋಗಿದ್ದು.

ವಾರ್ಡ್_ಸಿಸ್ಟರ್ · 10.31

ಬದುಕಿದ್ದು ಪುಣ್ಯ. ಹೇಳದೆ ಕೊಡೋ ಮಾತ್ರೆ ಅಲ್ಲ ಅದು, ಬಿ.ಪಿ. ಬಿದ್ದು ಜೀವವೇ ಹೋಗತ್ತೆ. ಹೈದ, ನೀನು ಮೆಡಿಕಲ್ ಸ್ಟೋರಿಗೆ ಹೋಗ್ಬೇಡ.

ಹೊಳೆನರಸೀಪುರ_ಹೈದ · 10.33

ಇಲ್ಲ ಅಕ್ಕ ಇಲ್ಲ, ಪಾರಿವಾಳನೇ ವಾಸಿ.

ಬೇಲೂರು_ಬಾಲೆ · 10.50

ಆ ಲೈನಿನವನು ಆಮೇಲೆ ಕುಡಿತ ಬಿಟ್ನಾ?

ಸಿಲ್ವರ್‌ಓಕ್ · 10.52

ಹೆಂಡತಿ ಮಾಡಿದ ಸಾಂಬಾರು ಬಿಟ್ಟ.

ನಿವೃತ್ತ_ಮೇಷ್ಟ್ರು · 11.20

ನಕ್ಕು ಸಾಕಾಯಿತು. ಒಂದು ಗಂಭೀರ ಪ್ರಶ್ನೆ ಉಳಿದಿದೆ. ಉರಿಯೂತವನ್ನು ಪೂರ್ತಿ ನಿಲ್ಲಿಸಿದರೆ ಸತ್ತ ಕೋಶಗಳ ಕಸ ಬಳಿಯುವವರು ಯಾರು?

ಅರಸೀಕೆರೆ_ಪ್ಯಾಸೆಂಜರ್ · 11.34

ಅದೇ ಎಡವಟ್ಟು ಮೇಷ್ಟ್ರೇ. ಮೊದಲ ದಿನಗಳಲ್ಲಿ ಸುಡೋ ಮೈಕ್ರೋಗ್ಲಿಯಾ ಅನ್ನೋ ಮೆದುಳಿನ ಕಾವಲು ಕೋಶಗಳೇ ಎರಡನೇ ವಾರದ ಹೊತ್ತಿಗೆ ಕಸ ಎತ್ತಿ, ಹೊಸ ಚಿಗುರಿಗೆ ಬೇಕಾದ್ದನ್ನ ಒದಗಿಸ್ತವೆ. ಯಾವ ದಿನ ತಡೀಬೇಕು, ಯಾವ ದಿನ ಬಿಡಬೇಕು ಅಂತ ಗೊತ್ತಾಗದೆ ಕೊಟ್ರೆ ಎನ್ಲಿಮೊಮ್ಯಾಬ್ ಕಥೆಯೇ ಆಗಬಹುದು. ಇನ್ನೊಂದು, ಸ್ಟ್ರೋಕ್ ಆದಮೇಲೆ ಮೈಯ ರೋಗನಿರೋಧಕ ಶಕ್ತಿ ಕುಗ್ಗುತ್ತೆ. ಸಿಸ್ಟರ್ ಹೇಳಿದ ನ್ಯುಮೋನಿಯಾ ಅಲ್ಲೇ ಕಾಯ್ತಿರುತ್ತೆ.

ಮೂಡಿಗೆರೆ_ಮಳೆ · ರಾತ್ರಿ 8.05

ಎಲ್ರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಹನ್ನೆರಡಕ್ಕೆ ಮಲಗಿದವನು ಬೆಳಗ್ಗೆ ಎಂಟಕ್ಕೆ ಎದ್ದೆ. ಎಷ್ಟೋ ದಿನ ಆಗಿತ್ತು.

ಮಧ್ಯಾಹ್ನ ಅಪ್ಪನಿಗೆ ಇದನ್ನೆಲ್ಲ ಓದಿ ಹೇಳ್ದೆ. ಇಲಿ, ಗ್ಯಾಸ್ಡರ್ಮಿನ್ ಅಂದಾಗ ಮುಖದಲ್ಲಿ ಏನೂ ಇರ್ಲಿಲ್ಲ. ಬೋರರ್ ಇಲ್ಲದ ಗಿಡ ಕಿತ್ತು ಸುಡೋದು ಅಂದಾಗ ಎಡಗೈ ಎತ್ತಿ ತಲೆ ತೋರಿಸ್ಕೊಂಡ್ರು, ಆಮೇಲೆ ಕಿಟಕಿ ಕಡೆ ತೋರಿಸಿದ್ರು. ಎಂತ ಅಂತ ನನಗೆ ಗೊತ್ತಾಗ್ಲಿಲ್ಲ. ಅಮ್ಮನಿಗೆ ಗೊತ್ತಾಯ್ತು. ಸೆಪ್ಟೆಂಬರ್ ಅರ್ಧ ಕಳೀತು, ಈ ಸಲ ಟ್ರೇಸಿಂಗ್ ಮಾಡಿಸಿಲ್ಲ.

@ಸಿಲ್ವರ್‌ಓಕ್ ಅಣ್ಣ, ನಾನು ಬೆಂಗಳೂರಲ್ಲಿ ಕಂಪ್ಯೂಟರ್ ಕುಟ್ಟಿದವನು. ಏರಿ ಎದ್ದಿರೋದು ಕೈಗೆ ಸಿಗತ್ತೆ ಅಂತಾರೆ, ನನಗೆ ಎಲ್ಲಾ ಗಿಡವೂ ಒಂದೇ ಥರ ಕಾಣ್ತದೆ. ಯಾರಾದ್ರೂ ಆಳು ಗೊತ್ತಿದ್ರೆ ಹೇಳ್ತೀರಾ?

ಸಿಲ್ವರ್‌ಓಕ್ · 8.11

ಆಳು ಯಾಕೆ, ನಾನೇ ಬರ್ತೇನೆ. ಸೋಮವಾರ ಬೆಳಗ್ಗೆ. ಅಪ್ಪನಿಗೆ ಜಗಲೀಲಿ ಕುರ್ಚಿ ಹಾಕಿ ಕೂರಿಸಿ. ಗೊತ್ತಾಗದ ಗಿಡ ಇದ್ರೆ ಅವರಿಗೇ ತಂದು ತೋರಿಸುವ.

ವಾರ್ಡ್_ಸಿಸ್ಟರ್ · 8.14

ಬಲಗೈಗೆ ಗಿಡದ ತುಂಡು ಕೊಡಿ, ಎಡಗೈಗಲ್ಲ.

ಹೊಳೆನರಸೀಪುರ_ಹೈದ · 8.20

ರೋಬಸ್ಟಾ ಹಾಕಿದ್ರೆ ಈ ಬೋರರ್ ತಾಪತ್ರಯವೇ ಇರ್ತಿರ್ಲಿಲ್ಲ ಅಣ್ಣೋ.

ಸಿಲ್ವರ್‌ಓಕ್ · 8.21

ಇದಕ್ಕೆ ಬೇರೆ ಥ್ರೆಡ್ ತೆಗಿ ಮಾರಾಯ.